ಅಂಗಡಿಯಿಂದ ತಂದ ಹುರಿದ ಬೀಜಗಳಲ್ಲಿ ಉಪ್ಪು ವಿಪರೀತವಾಗಿದೆ: ಗರಿಗರಿ ಕೆಡದಂತೆ ಕಡಿಮೆ ಮಾಡುವುದು ಹೇಗೆ?

ಪ್ರಶ್ನೆ

ಕಳೆದ ವಾರ ಉಪ್ಪು ಹಾಕಿ ಹುರಿದ ಕಡಲೆಬೀಜ, ಗೋಡಂಬಿ ಮತ್ತು ಬಾದಾಮಿ ಬೆರೆಸಿದ ಅರ್ಧ ಕಿಲೋದ ಎರಡು ಪೊಟ್ಟಣಗಳನ್ನು ತಂದಿದ್ದೇನೆ. ಬೀಜಗಳು ತಾಜಾ ಇವೆ, ಹುರಿದ ಹದವೂ ಚೆನ್ನಾಗಿದೆ. ಆದರೆ ನಾಲ್ಕು ಕಾಳು ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ನಾಲಿಗೆ ಚುರುಗುಟ್ಟುವಷ್ಟು ಉಪ್ಪಿದೆ. ನಮ್ಮ ಮಾವನವರಿಗೆ ರಕ್ತದೊತ್ತಡವಿದ್ದು, ಉಪ್ಪನ್ನು ಕಡಿಮೆ ಮಾಡಬೇಕೆಂದು ವೈದ್ಯರು ಖಂಡಿತವಾಗಿ ಹೇಳಿದ್ದಾರೆ. ಬೆಳಿಗ್ಗೆ ಒಂದು ಹಿಡಿ, ಸಂಜೆ ಒಂದು ಹಿಡಿ ಬೀಜ ತಿನ್ನುವುದು ಅವರ ಬಹುಕಾಲದ ಅಭ್ಯಾಸ. ಈಗಾಗಲೇ ಇಷ್ಟದ ಅನೇಕ ತಿನಿಸುಗಳನ್ನು ಬಿಟ್ಟಿರುವ ಅವರಿಂದ ಇದನ್ನೂ ಕಸಿದುಕೊಳ್ಳಲು ನನಗೆ ಮನಸ್ಸಿಲ್ಲ.

ಮೊದಲು ಬೀಜಗಳನ್ನು ಜರಡಿಗೆ ಹಾಕಿ ಅಲ್ಲಾಡಿಸಿ ನೋಡಿದೆ. ತಟ್ಟೆಗೆ ಚಿಟಿಕೆಯಷ್ಟು ಉಪ್ಪು ಉದುರಿತಾದರೂ ರುಚಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಒಂದು ಬಟ್ಟಲು ಬೀಜವನ್ನು ನೀರಿನಲ್ಲಿ ತೊಳೆದು, ಬಟ್ಟೆಯ ಮೇಲೆ ಹರಡಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೋಡಿದರೆ ಗೋಡಂಬಿ ಅಗಿದಷ್ಟೂ ಜಗಿಯುವಂತಾಗಿತ್ತು, ಕಡಲೆಬೀಜಕ್ಕೆ ಹಸಿ ವಾಸನೆ ಬಂದಿತ್ತು, ಅದನ್ನು ಎಸೆಯಬೇಕಾಯಿತು. ಪೊಟ್ಟಣದ ಮೇಲೆ 100 ಗ್ರಾಂ ಬೀಜಕ್ಕೆ 640 ಮಿಲಿಗ್ರಾಂ ಸೋಡಿಯಂ ಎಂದು ಬರೆದಿದೆ. ಉಳಿದ ಬೀಜಗಳನ್ನು ಕೆಡಿಸದೆ ಉಪ್ಪನ್ನು ಇಳಿಸುವ ದಾರಿ ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ಉತ್ತರ 1

ಯಾವ ವಿಧಾನ ಫಲ ಕೊಡುತ್ತದೆ ಎಂಬುದು ಉಪ್ಪು ಬೀಜದಲ್ಲಿ ಎಲ್ಲಿ ಕೂತಿದೆ ಎಂಬುದನ್ನು ಅವಲಂಬಿಸಿದೆ. ಇದನ್ನು ನೋಡಿಕೊಳ್ಳದೆ ತೊಳೆಯಲು ಹೊರಟರೆ ಬೀಜವೂ ಕೆಡುತ್ತದೆ, ಉಪ್ಪೂ ಉಳಿಯುತ್ತದೆ.

ಎಣ್ಣೆಯಲ್ಲಿ ಹುರಿದ ಬೀಜಗಳಿಗೆ, ಅವು ಬಿಸಿಯಾಗಿರುವಾಗಲೇ, ಹಿಟ್ಟಿನಷ್ಟು ನುಣುಪಾದ ಉಪ್ಪನ್ನು ಎರಚುತ್ತಾರೆ. ಮೇಲಿರುವ ತೆಳುವಾದ ಎಣ್ಣೆಯ ಪದರವೇ ಉಪ್ಪನ್ನು ಹಿಡಿದುಕೊಳ್ಳುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲವಾದ್ದರಿಂದ ಅದು ಪುಡಿಯಾಗಿಯೇ ಹೊರಮೈಯಲ್ಲಿ ಅಂಟಿಕೊಂಡಿರುತ್ತದೆ. ಎಣ್ಣೆಯಿಲ್ಲದೆ ಒಣದಾಗಿ ಹುರಿದ ಬೀಜಗಳಿಗೆ ಹಾಗೆ ಅಂಟುವುದಿಲ್ಲ. ಆದ್ದರಿಂದ ಉಪ್ಪುನೀರನ್ನು ಸಿಂಪಡಿಸಿ ಒಣಗಿಸುತ್ತಾರೆ, ಇಲ್ಲವೇ ಗೋಂದು ಅಥವಾ ಪಿಷ್ಟದ ತೆಳು ಲೇಪ ಕೊಟ್ಟು ಅದರೊಳಗೆ ಉಪ್ಪನ್ನು ಸೇರಿಸುತ್ತಾರೆ. ಮೂರನೆಯದು ಚಿಪ್ಪಿನ ಸಮೇತ ಉಪ್ಪುನೀರಿನಲ್ಲಿ ನೆನೆಸಿ, ಒಣಗಿಸಿ, ಆಮೇಲೆ ಹುರಿಯುವ ಬಗೆ. ಇದರಲ್ಲಿ ಉಪ್ಪು ಕಾಳಿನ ಒಳಗೂ ಇಳಿದಿರುತ್ತದೆ.

ಪೊಟ್ಟಣದ ಹಿಂದೆ ಬರೆದಿರುವ ಘಟಕಾಂಶಗಳನ್ನು ಒಮ್ಮೆ ಓದಿ. ಬೀಜ, ಎಣ್ಣೆ, ಉಪ್ಪು ಇಷ್ಟೇ ಇದ್ದರೆ ನಿಮ್ಮ ಉಪ್ಪು ಬಹುಪಾಲು ಮೇಲ್ಮೈಯಲ್ಲಿದೆ, ಅದನ್ನು ತೆಗೆಯಬಹುದು. ಪಿಷ್ಟ, ಗೋಂದು, ಮಾಲ್ಟೋಡೆಕ್ಸ್ಟ್ರಿನ್ ಎಂಬ ಹೆಸರುಗಳಿದ್ದರೆ ಒಣದಾಗಿ ಉಜ್ಜಿ ಹೆಚ್ಚು ಪ್ರಯೋಜನವಿಲ್ಲ. ಸಕ್ಕರೆ ಪಾಕವೋ ಹಿಟ್ಟಿನ ದಪ್ಪ ಕವಚವೋ ಇದ್ದರೆ ನೀರು ತಾಕಿದೊಡನೆ ಕವಚವೇ ಅಂಟಾಗಿ ಕರಗಿ ಬೀಜಗಳು ಮುದ್ದೆಗಟ್ಟುತ್ತವೆ. ಅಂಥವಕ್ಕೆ ನಾನಂತೂ ನೀರು ಮುಟ್ಟಿಸುವುದಿಲ್ಲ.

ಮಸಾಲೆ ಬೀಜಗಳಾದರೆ ಇನ್ನೊಂದನ್ನು ಗಮನಿಸಬೇಕು. ಸೋಡಿಯಂ ಉಪ್ಪಿನಿಂದ ಮಾತ್ರ ಬರುವುದಿಲ್ಲ; ಮೊನೊಸೋಡಿಯಂ ಗ್ಲುಟಮೇಟ್, ಅಂದರೆ 621 ಎಂಬ ಸಂಖ್ಯೆಯಿಂದ ಗುರುತಿಸುವ ರುಚಿವರ್ಧಕದಲ್ಲಿಯೂ ತೂಕದ ಸುಮಾರು ಶೇಕಡಾ 12ರಷ್ಟು ಸೋಡಿಯಂ ಇರುತ್ತದೆ. ಅದಕ್ಕೆ ಉಪ್ಪಿನಷ್ಟು ಉಪ್ಪು ರುಚಿ ಇಲ್ಲದ ಕಾರಣ ನಾಲಿಗೆಗೆ ಅದರ ಲೆಕ್ಕ ಸಿಗುವುದಿಲ್ಲ.

ಉತ್ತರ 2

ಜರಡಿ ಹಿಡಿದರೆ ಸಡಿಲವಾಗಿರುವ ದಪ್ಪ ಹರಳುಗಳು ಮಾತ್ರ ಉದುರುತ್ತವೆ. ನುಣುಪಾದ ಉಪ್ಪು ಎಣ್ಣೆಯ ಪದರದಲ್ಲಿ ಹೂತಿರುವುದರಿಂದ ಅದನ್ನು ಒರೆಸಿ ತೆಗೆಯಬೇಕು. ನಾನು ಮಾಡುವುದು ಹೀಗೆ: ಒರಟು ನೇಯ್ಗೆಯ, ಶುಭ್ರವಾದ ಹತ್ತಿಬಟ್ಟೆಯನ್ನು ನೀರಿನಲ್ಲಿ ಅದ್ದಿ, ಇನ್ನು ಒಂದು ಹನಿಯೂ ಬಾರದಷ್ಟು ಬಿಗಿಯಾಗಿ ಹಿಂಡುತ್ತೇನೆ. ಎರಡು ಹಿಡಿ ಬೀಜವನ್ನು ಅದರಲ್ಲಿ ಸುತ್ತಿ, ಗಂಟಿನ ಬಾಯಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಅರ್ಧ ನಿಮಿಷ ಹಗುರವಾಗಿ ಹೊರಳಿಸುತ್ತೇನೆ. ಬಟ್ಟೆಯ ತೇವ ಉಪ್ಪನ್ನು ಹೀರಿಕೊಳ್ಳುತ್ತದೆ. ಕಾಳಿನ ಒಳಕ್ಕೆ ಇಳಿಯುವಷ್ಟು ನೀರು ಅದರಲ್ಲಿ ಇರುವುದಿಲ್ಲ. ತಕ್ಷಣ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಮೂರು ನಾಲ್ಕು ನಿಮಿಷ ಕೈಯಾಡಿಸಿದರೆ ಸಾಕು. ಪ್ರತಿ ಸರದಿಗೂ ಬಟ್ಟೆಯನ್ನು ಜಾಲಿಸಿ ಹಿಂಡಿಕೊಳ್ಳಬೇಕು, ಇಲ್ಲವಾದರೆ ತೆಗೆದ ಉಪ್ಪನ್ನೇ ಮುಂದಿನ ಬೀಜಕ್ಕೆ ಬಳಿದಂತಾಗುತ್ತದೆ.

ಉತ್ತರ 3

ಮೇಲಿನ ವಿಧಾನಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ ತಿನ್ನುವವರು ರಕ್ತದೊತ್ತಡ ಇರುವ ಹಿರಿಯರು ಎಂದಿರುವುದರಿಂದ ಮೊದಲು ಲೆಕ್ಕವನ್ನು ಸ್ಪಷ್ಟಪಡಿಸಿಕೊಳ್ಳೋಣ.

ಸೋಡಿಯಂ ಪ್ರಮಾಣವನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ಸಿಗುತ್ತದೆ. 640 ಮಿಲಿಗ್ರಾಂ ಸೋಡಿಯಂ ಎಂದರೆ 1.6 ಗ್ರಾಂ ಉಪ್ಪು. ನಿಮ್ಮ ಅರ್ಧ ಕಿಲೋ ಪೊಟ್ಟಣದಲ್ಲಿ ಒಟ್ಟು 8 ಗ್ರಾಂ ಉಪ್ಪಿದೆ. ವಯಸ್ಕರು ದಿನಕ್ಕೆ 2000 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ, ಅಂದರೆ 5 ಗ್ರಾಂಗಿಂತ ಕಡಿಮೆ ಉಪ್ಪು ಸೇವಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಒಂದು ಹಿಡಿ ಬೀಜವನ್ನು 30 ಗ್ರಾಂ ಎಂದುಕೊಂಡರೆ ಅದರಲ್ಲಿ 192 ಮಿಲಿಗ್ರಾಂ ಸೋಡಿಯಂ ಇದೆ. ದಿನಕ್ಕೆ ಎರಡು ಹಿಡಿಯೆಂದರೆ 384 ಮಿಲಿಗ್ರಾಂ, ಹೆಚ್ಚುಕಡಿಮೆ ಇಡೀ ದಿನದ ಮಿತಿಯ ಐದನೆಯ ಒಂದು ಭಾಗ. ಊಟದ ಉಪ್ಪು ಇದಕ್ಕೆ ಸೇರಿಲ್ಲ ಎಂಬುದನ್ನು ಮರೆಯಬಾರದು.

ಈಗ ಇದೇ ಬೀಜಕ್ಕೆ ಅಷ್ಟೇ ತೂಕದ, ಉಪ್ಪು ಹಾಕದೆ ಹುರಿದ ಬೀಜವನ್ನು ಬೆರೆಸಿ. ಉಪ್ಪಿಲ್ಲದ ಬೀಜಗಳಲ್ಲಿ ಸಹಜವಾಗಿ ಇರುವ ಸೋಡಿಯಂ ತೀರಾ ಅಲ್ಪ. ಬಾದಾಮಿಯಲ್ಲಂತೂ 100 ಗ್ರಾಂಗೆ ಒಂದೆರಡು ಮಿಲಿಗ್ರಾಂ ಮಾತ್ರ. ಆದ್ದರಿಂದ ಸಮಪಾಲು ಬೆರೆಸಿದರೆ ಉಪ್ಪು ಅರ್ಧಕ್ಕೆ ಇಳಿಯುತ್ತದೆ, ಒಂದು ಪಾಲಿಗೆ ಮೂರು ಪಾಲು ಬೆರೆಸಿದರೆ ಕಾಲುಭಾಗಕ್ಕೆ ಇಳಿಯುತ್ತದೆ. ನೀರಿಲ್ಲ, ಉರಿಯಿಲ್ಲ, ಗರಿಗರಿ ಕೆಡುವ ಭಯವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಎಷ್ಟು ಉಪ್ಪು ಉಳಿಯಿತು ಎಂಬುದನ್ನು ಊಹೆಯಿಂದ ಹೇಳಬೇಕಾಗಿಲ್ಲ. ಬೆರೆಸಿದ ಮೇಲೆ ಡಬ್ಬಿಯನ್ನು ಮುಚ್ಚಿ ಚೆನ್ನಾಗಿ ಕುಲುಕಿ, ಒಂದು ದಿನ ಇಟ್ಟು ತೆಗೆಯಿರಿ. ಸಡಿಲವಾದ ಉಪ್ಪು ಎಲ್ಲ ಬೀಜಗಳಿಗೂ ಹರಡಿ ರುಚಿ ಒಂದೇ ಸಮನಾಗುತ್ತದೆ. ಪೊಟ್ಟಣದ ತಳದಲ್ಲಿ ಉಳಿಯುವ ಉಪ್ಪಿನ ಪುಡಿಯನ್ನು ಮಾತ್ರ ಡಬ್ಬಿಗೆ ಸುರಿಯಬೇಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಪೊಟ್ಟಣದ ಮೇಲೆ ಬೀಜ, ಖಾದ್ಯ ತೈಲ, ಉಪ್ಪು ಎಂದಷ್ಟೇ ಇದೆ. ಲೆಕ್ಕವನ್ನು ಓದಿದ ಮೇಲೆ ನನಗೆ ನಿಜಕ್ಕೂ ಆತಂಕವಾಯಿತು. ದಿನದ ಐದನೆಯ ಒಂದು ಭಾಗ ಬೀಜದಿಂದಲೇ ಹೋಗುತ್ತಿತ್ತೆಂದು ನಾನು ಎಣಿಸಿರಲಿಲ್ಲ. ಉಪ್ಪಿಲ್ಲದ ಬೀಜವನ್ನು ತರುತ್ತೇನೆ. ಆದರೂ ತೊಳೆಯುವ ಸರಿಯಾದ ಕ್ರಮವನ್ನು ಯಾರಾದರೂ ಹೇಳಿದರೆ ಉಪಕಾರವಾಗುತ್ತದೆ. ರಾತ್ರಿಯಿಡೀ ನೀರಿನಲ್ಲಿ ನೆನೆಸಿಟ್ಟರೆ ಉಪ್ಪು ಪೂರ್ತಿ ಬಿಡುತ್ತದೆಂದು ಪರಿಚಿತರೊಬ್ಬರು ಹೇಳಿದರು. ಅದು ಸರಿಯೇ?

ಉತ್ತರ 4

ನೆನೆಸಬೇಡಿ. ಹುರಿದ ಬೀಜದಲ್ಲಿ ನೀರಿನಂಶ ನೂರಕ್ಕೆ ಎರಡು ಮೂರು ಪಾಲು ಮಾತ್ರ ಉಳಿದಿರುತ್ತದೆ, ಕಾಳಿನ ಒಳಗೆಲ್ಲ ಸಣ್ಣ ಸಣ್ಣ ಟೊಳ್ಳುಗಳಾಗಿರುತ್ತವೆ. ಗರಿಗರಿ ಬರುವುದು ಈ ಎರಡರಿಂದಲೇ. ನೀರಿನಲ್ಲಿಟ್ಟರೆ ಆ ಟೊಳ್ಳುಗಳೊಳಗೆ ನೀರು ನುಗ್ಗುತ್ತದೆ, ಮೇಲಿನ ಉಪ್ಪೂ ಕರಗಿ ಆ ನೀರಿನೊಂದಿಗೆ ಒಳಕ್ಕೆ ಹೋಗುತ್ತದೆ. ಹೊರಗೆ ಇದ್ದುದನ್ನು ನಾವೇ ಒಳಗೆ ಕಳಿಸಿದಂತಾಗುತ್ತದೆ.

ಉಪ್ಪು ಕರಗಲು ಹೆಚ್ಚು ಹೊತ್ತೂ ಬೇಡ, ಬಿಸಿನೀರೂ ಬೇಡ. 100 ಮಿಲಿಲೀಟರ್ ತಣ್ಣೀರಿನಲ್ಲಿ ಸುಮಾರು 36 ಗ್ರಾಂ ಉಪ್ಪು ಕರಗುತ್ತದೆ; ನೀರನ್ನು ಕಾಯಿಸಿದರೆ ಈ ಪ್ರಮಾಣ ಸ್ವಲ್ಪವೇ ಹೆಚ್ಚುತ್ತದೆ. ನಿಮ್ಮ ಇಡೀ ಪೊಟ್ಟಣದ 8 ಗ್ರಾಂ ಉಪ್ಪು ಅರ್ಧ ಲೋಟ ನೀರಿನಲ್ಲಿಯೇ ಕರಗಬಲ್ಲದು. ನೀರನ್ನು ಹೆಚ್ಚು ಬಳಸುವುದು ಉಪ್ಪುನೀರು ಬೀಜದ ಮೇಲೆ ನಿಲ್ಲದೆ ಹರಿದುಹೋಗಲಿ ಎಂಬ ಒಂದೇ ಕಾರಣಕ್ಕೆ.

ನಾನು ಅನುಸರಿಸುವ ಕ್ರಮವನ್ನು ಹೇಳುತ್ತೇನೆ. ಒಮ್ಮೆಗೆ 200 ಗ್ರಾಂ ಮಾತ್ರ ತೆಗೆದುಕೊಂಡು ತಕ್ಕಡಿಯಲ್ಲಿ ತೂಗಿ, ಆ ಅಂಕಿಯನ್ನು ಬರೆದಿಡಿ. ಬೇಳೆ ಸೋಸುವ ರಂಧ್ರದ ಬುಟ್ಟಿಯಲ್ಲಿ ಬೀಜವನ್ನು ಹಾಕಿ, ನಲ್ಲಿಯ ಕೆಳಗೆ ಹಿಡಿದು, ಬೆರಳುಗಳಿಂದ ಮೇಲೆ ಕೆಳಗೆ ಮಾಡುತ್ತಾ ಹತ್ತರಿಂದ ಹದಿನೈದು ಸೆಕೆಂಡು ತೊಳೆಯಿರಿ. ಎಣ್ಣೆಯ ಪದರವು ಉಪ್ಪನ್ನು ಮುಚ್ಚಿಕೊಂಡಿರುವುದರಿಂದ ಬೆರಳಿನ ಉಜ್ಜುವಿಕೆ ಇಲ್ಲದೆ ನೀರು ಸುರಿದರೆ ಸಾಲದು. ಬುಟ್ಟಿಯನ್ನು ಜಾಡಿಸಿ, ಒಣ ಬಟ್ಟೆಯ ಮೇಲೆ ಸುರಿದು, ಇನ್ನೊಂದು ಬಟ್ಟೆಯಿಂದ ಒತ್ತಿ ಒರೆಸಿ. ಇಲ್ಲಿಯವರೆಗಿನ ಕೆಲಸ ಎರಡು ನಿಮಿಷದಲ್ಲಿ ಮುಗಿಯಬೇಕು. ನಿಮ್ಮ ಬೀಜ ಕೆಟ್ಟಿದ್ದು ತೊಳೆದದ್ದರಿಂದಲ್ಲ, ತೊಳೆದ ಮೇಲೆ ರಾತ್ರಿಯಿಡೀ ತೇವದಲ್ಲಿ ಬಿಟ್ಟಿದ್ದರಿಂದ.

ಒರೆಸಿದ ಬೀಜವನ್ನು ಮತ್ತೆ ತೂಗಿ. ನನ್ನ ತಕ್ಕಡಿ ಸಾಮಾನ್ಯವಾಗಿ 210ರಿಂದ 215 ಗ್ರಾಂ ತೋರಿಸುತ್ತದೆ. ಹೆಚ್ಚಾದ ಅಷ್ಟೂ ಭಾಗ ನೀರು. ಒಲೆಪೆಟ್ಟಿಗೆಯನ್ನು 120ರಿಂದ 130 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಅಗಲವಾದ ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ ಇಡಿ. ಐದು ನಿಮಿಷಕ್ಕೊಮ್ಮೆ ಹೊರಗೆಳೆದು ಕೈಯಾಡಿಸಿ. ಹತ್ತು ನಿಮಿಷದ ನಂತರ ತೂಗಿ. ಮೊದಲು ಬರೆದ ಅಂಕಿಗಿಂತ ಎರಡು ಮೂರು ಗ್ರಾಂ ಕೆಳಗೆ ಬಂದಾಗ ನೀರು ಹೋಗಿದೆ ಎಂದರ್ಥ, ಏಕೆಂದರೆ ಅಷ್ಟು ತೂಕದ ಉಪ್ಪು ಮತ್ತು ಸಿಪ್ಪೆ ನೀರಿನಲ್ಲಿ ಹೋಗಿರುತ್ತದೆ. ಬಣ್ಣ ನೋಡಿ ನಿರ್ಧರಿಸಬೇಡಿ. ಇವು ಈಗಾಗಲೇ ಹುರಿದ ಬೀಜಗಳು. ಬಣ್ಣ ಇನ್ನಷ್ಟು ಗಾಢವಾಗುವ ಹೊತ್ತಿಗೆ ಕಹಿ ಬಂದಿರುತ್ತದೆ. ಬಿಸಿಯಿರುವಾಗ ಕಚ್ಚಿ ನೋಡಿ ಮೆತ್ತಗಿದೆ ಎಂದು ಮತ್ತೆ ಒಳಗಿಡುವುದೂ ತಪ್ಪು, ಗರಿಗರಿ ಬರುವುದು ಆರಿದ ಮೇಲೆ.

ಬಾಣಲೆಯಲ್ಲಿಯೂ ಮಾಡಬಹುದು, ಆದರೆ ಉರಿ ಅತಿ ಸಣ್ಣದಾಗಿರಬೇಕು, ಕೈ ನಿಲ್ಲಿಸಬಾರದು. ಒದ್ದೆ ಬೀಜವನ್ನು ಬಿಸಿ ಎಣ್ಣೆಗೆ ಮಾತ್ರ ಎಂದೂ ಹಾಕಬೇಡಿ. ಎಣ್ಣೆ ಸಿಡಿದು ಮೈಮೇಲೆ ಬೀಳುತ್ತದೆ.

ಮೂರೂ ಬಗೆಯ ಬೀಜಗಳನ್ನು ಬೇರೆಬೇರೆ ಮಾಡಿಕೊಂಡರೆ ಒಳ್ಳೆಯದು. ಸಿಪ್ಪೆಯಿರುವ ಬಾದಾಮಿ ನೀರನ್ನು ಅಷ್ಟಾಗಿ ಹೀರುವುದಿಲ್ಲ. ಎರಡು ಹೋಳಾದ ಕಡಲೆಬೀಜ ಒಳಮೈಯಿಂದ ಬೇಗ ಹೀರುತ್ತದೆ. ಗೋಡಂಬಿ ಎಲ್ಲಕ್ಕಿಂತ ಬೇಗ ಮೆತ್ತಗಾಗುತ್ತದೆ, ಒಲೆಯಲ್ಲಿ ಎಲ್ಲಕ್ಕಿಂತ ಬೇಗ ಕೆಂಪಾಗುತ್ತದೆ. ಅದಕ್ಕೆ ಹಿಂಡಿದ ಬಟ್ಟೆಯ ವಿಧಾನವೇ ಸರಿ.

ಉತ್ತರ 5

ಇಷ್ಟೆಲ್ಲ ಮಾಡಿದರೂ ಬೀಜದ ಬಾಳಿಕೆ ಕಡಿಮೆಯಾಗುತ್ತದೆ ಎಂಬುದನ್ನು ಯಾರೂ ಹೇಳಲಿಲ್ಲ. ಕಡಲೆಬೀಜ, ಬಾದಾಮಿಗಳ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕೊಬ್ಬು ಇರುತ್ತದೆ. ಒಮ್ಮೆ ಹುರಿದ ಬೀಜಕ್ಕೆ ಮತ್ತೆ ನೀರು, ಮತ್ತೆ ಶಾಖ, ಮತ್ತೆ ಗಾಳಿ ತಾಕಿದರೆ ಆ ಕೊಬ್ಬು ಬೇಗ ಕಮಟಾಗುತ್ತದೆ. ಕಂಪನಿಯವರು ಪೊಟ್ಟಣದೊಳಗೆ ಸಾರಜನಕ ತುಂಬುವುದು ಆಮ್ಲಜನಕವನ್ನು ದೂರವಿಡಲೆಂದೇ. ಎರಡು ವರ್ಷಗಳ ಹಿಂದೆ ನಾನು ಒಂದು ಕಿಲೋ ಬೀಜವನ್ನು ಒಂದೇ ಬಾರಿಗೆ ತೊಳೆದು, ಚೆನ್ನಾಗಿಯೇ ಒಣಗಿಸಿ, ಗಾಜಿನ ಭರಣಿಯಲ್ಲಿ ಕಿಟಕಿಯ ಪಕ್ಕ ಇಟ್ಟಿದ್ದೆ. ಮೂರನೆಯ ವಾರದಲ್ಲಿ ಮುಚ್ಚಳ ತೆರೆದಾಗ ಹಳೆಯ ಬಣ್ಣದ ಡಬ್ಬಿಯ ವಾಸನೆ ಬಂತು, ಅರ್ಧಕ್ಕಿಂತ ಹೆಚ್ಚು ಬೀಜವನ್ನು ಚೆಲ್ಲಬೇಕಾಯಿತು. ಅಂದಿನಿಂದ ತೊಳೆಯುವುದನ್ನೇ ಬಿಟ್ಟಿದ್ದೇನೆ.

ಉತ್ತರ 4 ಬರೆದವರು

ನಿಮ್ಮ ಎಚ್ಚರಿಕೆ ಸರಿಯಾಗಿದೆ, ನಾನು ಅದನ್ನು ಮೊದಲೇ ಬರೆಯಬೇಕಿತ್ತು. ಆದರೆ ನಿಮ್ಮ ಬೀಜವನ್ನು ಕೆಡಿಸಿದ್ದರಲ್ಲಿ ಕಿಟಕಿಯ ಬೆಳಕು ಮತ್ತು ಮೂರು ವಾರಗಳ ಅವಧಿಯ ಪಾಲೂ ದೊಡ್ಡದು. ನಾಲ್ಕೈದು ದಿನಕ್ಕೆ ಬೇಕಾದಷ್ಟನ್ನು ಮಾತ್ರ ತೊಳೆದು, ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ತುಂಬಿ ಫ್ರಿಜ್‌ನಲ್ಲಿ ಇಟ್ಟರೆ ತೊಂದರೆ ಬರುವುದಿಲ್ಲ. ಬೆಚ್ಚಗಿರುವಾಗಲೇ ಮುಚ್ಚಿದರೆ ಡಬ್ಬಿಯೊಳಗೆ ಹಬೆ ಬೆವರಾಗಿ ಕೂತು ಬೀಜ ಮತ್ತೆ ಮೆತ್ತಗಾಗುತ್ತದೆ.

ಕಮಟಿಗಿಂತ ನನಗೆ ಹೆಚ್ಚು ಭಯವಿರುವುದು ಬೂಷ್ಟಿನ ಬಗ್ಗೆ. ತೇವ ಉಳಿದ ಬೀಜದಲ್ಲಿ ಬೆಳೆಯುವ ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತವೆ. ಅದು ಯಕೃತ್ತಿಗೆ ಹಾನಿಕರ, ಮತ್ತೆ ಹುರಿದರೂ ಪೂರ್ತಿ ನಾಶವಾಗುವುದಿಲ್ಲ. ಮುಗ್ಗಲು ವಾಸನೆ ಬಂದರೆ ಅಥವಾ ಮೇಲೆ ಬೂದು, ಹಸಿರು ಪೊರೆ ಕಂಡರೆ ಆರಿಸಿ ತಿನ್ನಲು ಹೋಗದೆ ಇಡೀ ಡಬ್ಬಿಯನ್ನು ಚೆಲ್ಲಿಬಿಡಿ.

ಉತ್ತರ 6

ನಾವು ಮನೆಯಲ್ಲಿ ಉಪ್ಪು ಹೆಚ್ಚಾದ ಬೀಜಕ್ಕೆ ಸ್ವಲ್ಪ ಸಕ್ಕರೆ ಪುಡಿ ಮತ್ತು ಒಣಮೆಣಸಿನ ಪುಡಿ ಬೆರೆಸುತ್ತೇವೆ, ಉಪ್ಪು ಗೊತ್ತೇ ಆಗುವುದಿಲ್ಲ. ಹಾಗೆಯೇ, ಕಡಿಮೆ ಸೋಡಿಯಂ ಇರುವ ಉಪ್ಪು ಸಿಗುತ್ತದಲ್ಲ, ತೊಳೆದ ಬೀಜಕ್ಕೆ ಅದನ್ನು ಹಾಕಿದರೆ ರುಚಿಯೂ ಉಳಿಯುತ್ತದೆಯಲ್ಲವೇ?

ಉತ್ತರ 3 ಬರೆದವರು

ಉಪ್ಪು ಗೊತ್ತಾಗುವುದಿಲ್ಲ ಎಂಬುದೇ ಇಲ್ಲಿ ಅಪಾಯ. ಸಕ್ಕರೆ ಮತ್ತು ಖಾರ ನಾಲಿಗೆಯ ಗಮನವನ್ನು ಬೇರೆಡೆಗೆ ಎಳೆಯುತ್ತವೆ, ಸೋಡಿಯಂ ಒಂದು ಮಿಲಿಗ್ರಾಂ ಕೂಡ ಕಡಿಮೆಯಾಗುವುದಿಲ್ಲ. ಉಪ್ಪನ್ನು ತೆಗೆದ ನಂತರ ಸಪ್ಪೆಯೆನಿಸಿದರೆ ಖಾರ, ಕಾಳುಮೆಣಸು, ಒಣಗಿಸಿ ಪುಡಿಮಾಡಿದ ನಿಂಬೆಸಿಪ್ಪೆ ಇವನ್ನು ಧಾರಾಳವಾಗಿ ಹಾಕಿ. ಹುಳಿ ಇದ್ದರೆ ಅಲ್ಪ ಉಪ್ಪೂ ಸಾಕೆನಿಸುತ್ತದೆ.

ಕಡಿಮೆ ಸೋಡಿಯಂ ಉಪ್ಪಿನ ಬಗ್ಗೆ ದಯವಿಟ್ಟು ಎಚ್ಚರಿಕೆಯಿಂದಿರಿ. ಅದರಲ್ಲಿ ಸೋಡಿಯಂ ಕ್ಲೋರೈಡ್‌ನ ಒಂದು ಭಾಗದ ಬದಲಿಗೆ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರಿಗೆ ಮತ್ತು ರಕ್ತದೊತ್ತಡಕ್ಕೆಂದು ಕೊಡುವ ಕೆಲವು ಮಾತ್ರೆಗಳನ್ನು ಸೇವಿಸುವವರಿಗೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತಕ್ಕೇ ಕುತ್ತು ಬರಬಹುದು. ಬೀಜಗಳಲ್ಲಿ ಸಹಜವಾಗಿಯೂ ಪೊಟ್ಯಾಸಿಯಂ ಸಾಕಷ್ಟಿದೆ. ನಿಮ್ಮ ಮಾವನವರ ವೈದ್ಯರನ್ನು ಕೇಳದೆ ಆ ಉಪ್ಪನ್ನು ಮನೆಯೊಳಕ್ಕೆ ತರಬೇಡಿ.

ಪ್ರಶ್ನೆ ಕೇಳಿದವರು

ಈ ಭಾನುವಾರ 200 ಗ್ರಾಂ ಬಾದಾಮಿ ಮತ್ತು ಕಡಲೆಬೀಜವನ್ನು ನೀವು ಹೇಳಿದ ಕ್ರಮದಲ್ಲಿಯೇ ಮಾಡಿದೆ. ನಲ್ಲಿಯ ಬದಲು ಮೂರು ಬೋಗುಣಿಗಳಲ್ಲಿ ನೀರಿಟ್ಟುಕೊಂಡು, ಬುಟ್ಟಿಯನ್ನು ಒಂದೊಂದರಲ್ಲಿ ಐದೈದು ಸೆಕೆಂಡು ಮುಳುಗಿಸಿ ಕೈಯಾಡಿಸಿ ಎತ್ತಿದೆ. ಮೊದಲ ಬೋಗುಣಿಯ ನೀರು ಮಸುಕಾಗಿ, ಮೇಲೆ ಎಣ್ಣೆಯ ಸಣ್ಣ ಕಣ್ಣುಗಳು ತೇಲುತ್ತಿದ್ದವು. ನಾಲಿಗೆಗೆ ಹಚ್ಚಿದರೆ ಚೆನ್ನಾಗಿಯೇ ಉಪ್ಪಿತ್ತು. ಎರಡನೆಯದರಲ್ಲಿ ಉಪ್ಪಿನ ಸುಳಿವಷ್ಟೇ ಇತ್ತು. ಮೂರನೆಯದು ಬರಿಯ ನೀರಿನಂತೆಯೇ ಇತ್ತು. ಹೊರಮೈಯ ಉಪ್ಪು ಹತ್ತು ಸೆಕೆಂಡಿನಲ್ಲಿ ಬಿಟ್ಟುಬಿಡುತ್ತದೆ ಎಂಬುದು ಆಗ ಮನದಟ್ಟಾಯಿತು. ಮುಂದಿನ ಬಾರಿ ಮೂರನೆಯ ಬೋಗುಣಿ ಇಡುವುದಿಲ್ಲ.

ಒರೆಸಿದ ಮೇಲೆ ತಕ್ಕಡಿ 213 ಗ್ರಾಂ ತೋರಿಸಿತು. ಒಲೆಪೆಟ್ಟಿಗೆಯಲ್ಲಿ ಹತ್ತು ನಿಮಿಷದ ನಂತರ 202, ಇನ್ನು ನಾಲ್ಕು ನಿಮಿಷದ ನಂತರ 197. ಆರಿದ ಮೇಲೆ ಎರಡು ಬೆರಳಿನ ನಡುವೆ ಒತ್ತಿದರೆ ಕಡಲೆಬೀಜ ಟಕ್ಕೆಂದು ಮುರಿಯಿತು. ಪೊಟ್ಟಣದಿಂದ ತೆಗೆದ ಕಾಳಿಗೆ ಹೋಲಿಸಿದರೆ ಮೇಲಿನ ಎಣ್ಣೆಯ ಹೊಳಪು ಇಲ್ಲ, ಪರಿಮಳ ತುಸು ಕಡಿಮೆ; ಆದರೆ ಬೀಜದ ಸ್ವಂತ ಸಿಹಿ ಈಗ ತಿಳಿಯುತ್ತದೆ. ಗೋಡಂಬಿಯನ್ನು ಹಿಂಡಿದ ಬಟ್ಟೆಯಲ್ಲಿ ಒರೆಸಿದೆ, ಅದೂ ಕೆಡಲಿಲ್ಲ.

ತೊಳೆದ ಬೀಜದಲ್ಲಿ ಎಷ್ಟು ಉಪ್ಪು ಉಳಿದಿದೆ ಎಂದು ನಿಖರವಾಗಿ ಹೇಳಲು ನನಗೆ ಸಾಧ್ಯವಿಲ್ಲದ ಕಾರಣ, ಅದಕ್ಕೆ ಸಮಪಾಲು ಉಪ್ಪಿಲ್ಲದ ಬೀಜವನ್ನೂ ಬೆರೆಸಿದ್ದೇನೆ. ಹಾಗಾಗಿ ಲೆಕ್ಕ ಪೊಟ್ಟಣದ ಅರ್ಧವನ್ನು ಎಂದೂ ಮೀರುವುದಿಲ್ಲ. ಮಾವನವರು ಮೊದಲ ದಿನ ಸಪ್ಪೆಯೆಂದರು. ಮೂರನೆಯ ದಿನ ಏನೂ ಹೇಳದೆ ಬಟ್ಟಲನ್ನು ಖಾಲಿ ಮಾಡಿದರು. ಈಗ ಅವರ ಪಾಲನ್ನು ತಕ್ಕಡಿಯಲ್ಲಿ 30 ಗ್ರಾಂ ತೂಗಿ ಸಣ್ಣ ಬಟ್ಟಲಿಗೆ ಹಾಕಿ ಕೊಡುತ್ತೇನೆ. ಡಬ್ಬಿಯನ್ನೇ ಮುಂದಿಟ್ಟರೆ ಹಿಡಿಗಳ ಎಣಿಕೆ ತಪ್ಪುತ್ತದೆ.

ಉತ್ತರ 7

ನನ್ನ ಬಳಿ ಚಿಪ್ಪಿನ ಸಮೇತ ಹುರಿದ ಉಪ್ಪು ಪಿಸ್ತಾ ಇದೆ. ಇದಕ್ಕೂ ಹೀಗೆಯೇ ಮಾಡಬಹುದೇ?

ಉತ್ತರ 1 ಬರೆದವರು

ಸ್ವಲ್ಪ ಮಟ್ಟಿಗೆ ಮಾತ್ರ. ಪಿಸ್ತಾದ ಚಿಪ್ಪು ಬಾಯಿ ಬಿಟ್ಟಿರುವುದರಿಂದ ಉಪ್ಪುನೀರು ಕಾಳಿನವರೆಗೂ ಹೋಗಿರುತ್ತದೆ. ತಿನ್ನುವವರು ಚಿಪ್ಪನ್ನು ಬಾಯಲ್ಲಿಟ್ಟು ಬಿಡಿಸುವುದನ್ನು ನಿಲ್ಲಿಸಿ, ಕೈಯಲ್ಲಿ ಬಿಡಿಸಿ, ಕಾಳನ್ನು ಹಿಂಡಿದ ಬಟ್ಟೆಯಿಂದ ಒರೆಸಿ ತಿಂದರೆ ಚಿಪ್ಪಿನ ಮೇಲಿನ ಉಪ್ಪಾದರೂ ಹೊಟ್ಟೆಗೆ ಹೋಗುವುದಿಲ್ಲ. ಕಾಳಿನೊಳಗೆ ಇಳಿದಿರುವುದನ್ನು ತೆಗೆಯಲು ಹೋದರೆ ಪಿಸ್ತಾ ಪಿಸ್ತಾ ಆಗಿ ಉಳಿಯುವುದಿಲ್ಲ. ಮುಂದಿನ ಸಲ ಉಪ್ಪಿಲ್ಲದ್ದನ್ನೇ ಕೇಳಿ ತನ್ನಿ.

ಉತ್ತರ 2 ಬರೆದವರು

ಪ್ರಶ್ನೆ ಕೇಳಿದವರ ಎರಡನೆಯ ಪೊಟ್ಟಣಕ್ಕೆ ಒಂದು ಸಲಹೆ. ಅದನ್ನು ತೊಳೆಯುವ ಬದಲು ಅಡುಗೆಗೆ ಬಳಸಿ. ಪಲ್ಯಕ್ಕೋ ಅನ್ನಕ್ಕೋ ಗೊಜ್ಜಿಗೋ ಬೀಜವನ್ನು ಕುಟ್ಟಿ ಹಾಕುವಾಗ ಅದರಲ್ಲಿರುವ ಉಪ್ಪನ್ನು ಲೆಕ್ಕ ಹಿಡಿದು, ಅಷ್ಟನ್ನು ಅಡುಗೆಯ ಉಪ್ಪಿನಲ್ಲಿ ಕಡಿಮೆ ಮಾಡಬೇಕು. 50 ಗ್ರಾಂ ಬೀಜ ಹಾಕಿದರೆ 0.8 ಗ್ರಾಂ ಉಪ್ಪು ಅದರಿಂದಲೇ ಬಂದಿರುತ್ತದೆ. ಬೀಜವನ್ನು ಮೊದಲು ಹಾಕಿ, ಕಲಸಿ, ರುಚಿ ನೋಡಿ, ಆಮೇಲೆ ಬೇಕಿದ್ದರೆ ಮಾತ್ರ ಉಪ್ಪಿನ ಡಬ್ಬಿಗೆ ಕೈ ಹಾಕಿ. ಪೊಟ್ಟಣವನ್ನು ಒಡೆಯುವವರೆಗೂ ಅದರ ಗರಿಗರಿ ಹಾಗೆಯೇ ಇರುತ್ತದೆ, ಆದ್ದರಿಂದ ಅವಸರವೂ ಇಲ್ಲ.